ಒಂದು ಕರೆಯೂ ತಪ್ಪಲಿಲ್ಲ

ನನ್ನ ಗಂಡನಿಗೆ ನಾನಿಟ್ಟ ಹೆಸರು ಜೋಡಿರಾಯ. ಜೇಬಿನಲ್ಲಿ ಎರಡು ಪೆನ್ನು, ಚೀಲದಲ್ಲಿ ಎರಡು ಕನ್ನಡಕ, ಬಾಗಿಲ ಹಿಂದೆ ಎರಡು ಕೊಡೆ. ಹೆಂಡತಿ ಮಾತ್ರ ಒಬ್ಬಳೇ. ಅದಕ್ಕೂ ಬದಲಿ ಇಟ್ಟುಕೊಳ್ಳುವ ಧೈರ್ಯ ಅವರಿಗಿರಲಿಲ್ಲ. ಕಸುಬೇ ಅಂಥದ್ದು. ಆಸ್ಪತ್ರೆಗಳಿಗೆ, ಟ್ಯಾಕ್ಸಿ ಕಚೇರಿಗಳಿಗೆ ಇಂಟರ್ನೆಟ್ ಫೋನುಗಳನ್ನು ಹೊಂದಿಸಿಕೊಡುತ್ತಾರೆ. ಕರೆಗಳನ್ನು ಜೋಡಿಸುವ ಒಂದು ಸರ್ವರ್ ದುಡಿಯುತ್ತಿರುತ್ತದೆ, ಪಕ್ಕದಲ್ಲಿ ಇನ್ನೊಂದು ಕಾಯುತ್ತಿರುತ್ತದೆ. ಮೊದಲನೆಯದು ಕೈಕೊಟ್ಟರೆ ಎರಡನೆಯದು ಕರೆಗಳನ್ನು ಎತ್ತಿಕೊಳ್ಳಬೇಕು, ಮಾತಾಡುವವರಿಗೆ ಅದರ ಸುಳಿವೂ ಸಿಗಬಾರದು.

ಈ ಕೆಲಸ ಕಲಿಸಿದ್ದು ಅವರ ಅಣ್ಣ, ನನ್ನ ಭಾವ. ಇಬ್ಬರೂ ಜೊತೆಯಾಗಿಯೇ ದುಡಿಯುತ್ತಿದ್ದರು. ಕೆಲಸ ಮುಗಿದ ಮೇಲೆ ಗಿರಾಕಿಯ ಎದುರೇ ಮೊದಲನೆಯ ಸರ್ವರಿನ ವೈರು ಕಿತ್ತು ತೋರಿಸುವುದು ಭಾವನ ಪದ್ಧತಿ. ಒಂದು ಆಸ್ಪತ್ರೆಯಲ್ಲಿ ಹಾಗೆ ಕಿತ್ತಾಗ ಇಡೀ ಕಟ್ಟಡದ ಫೋನುಗಳ ಬಾಯಿ ಕಟ್ಟಿಹೋಯಿತು. ನಮ್ಮವರು ಕೊನೆಯಲ್ಲಿ ಮಾಡಿದ ಬದಲಾವಣೆಯನ್ನು ಎರಡನೆಯದಕ್ಕೆ ಹಾಕುವುದನ್ನೇ ಮರೆತಿದ್ದರು. ಡಾಕ್ಟರುಗಳು, ನರ್ಸುಗಳು ಎಲ್ಲರೂ ನೋಡುತ್ತಿರುವಾಗಲೇ ಭಾವ ಅಂದರಂತೆ:

"ಎರಡರಲ್ಲೂ ಒಂದೇ ಥರ ಇರ್ಬೇಕು ಅಂತ ಎಷ್ಟು ಸಲ ಹೇಳಿದ್ದೀನಿ ನಿಂಗೆ? ನಿನ್ನ ನಂಬ್ಕೊಂಡು ಬಂದಿದ್ದು ನಂದೇ ತಪ್ಪು."

ಇವರು ಮುಖ ಊದಿಸಿಕೊಂಡು ಮನೆಗೆ ಬಂದರು. ನಮ್ಮ ಮನೆಯ ಕಪಾಟಿನಲ್ಲೂ ಅಂಥ ಎರಡು ಸರ್ವರ್ ಪೆಟ್ಟಿಗೆಗಳಿದ್ದವು. ಇವರಿಗೆ ಯಾರೇ ಫೋನ್ ಮಾಡಿದರೂ ಕರೆ ಮೊದಲು ಅಲ್ಲಿಗೆ ಬಂದು, ಆಮೇಲೆ ಇವರ ಜೇಬಿನಲ್ಲಿ ಬಡಿದುಕೊಳ್ಳುತ್ತಿತ್ತು. ಅಣ್ಣನ ನಂಬರಿನಿಂದ ಬಂದ ಕರೆಯನ್ನು ಸ್ವೀಕರಿಸಬಾರದೆಂದು ಅದರಲ್ಲಿ ಬರೆದಿಟ್ಟರು. ಅವತ್ತು ಮಾತ್ರ ಮರೆಯದೆ ಎರಡರಲ್ಲೂ ಬರೆದರು.

ವರ್ಷಗಳು ಉರುಳಿದವು. ಅಣ್ಣ ತಮ್ಮ ಇಬ್ಬರಿಗೂ ಹಟದಲ್ಲಿ ಒಂದು ಗುಲಗಂಜಿ ತೂಕವೂ ಕಡಿಮೆಯಿಲ್ಲ. ಭಾವನಿಗೆ ಎದೆನೋವು ಕಾಣಿಸಿಕೊಂಡಿದೆ ಎಂದು ಯಾರೋ ಹೇಳಿದ ಮಾರನೆಯ ದಿನ, ಇವರು ಕಾಫಿ ಕುಡಿಯುತ್ತಾ ಕುಡಿಯುತ್ತಾ ಎದ್ದುಹೋಗಿ ಆ ತಡೆ ತೆಗೆದುಹಾಕಿದರು. ನೀವೇ ಫೋನ್ ಮಾಡಿ ಅಂದೆ.

"ಬಾಗ್ಲು ತೆಗ್ದಿದ್ದೀನಿ. ಬರೋದಾದ್ರೆ ಬರ್ಲಿ."

ಊರಾಚೆ ಇರುವವರಿಗೆ ನಿಮ್ಮ ಬಾಗಿಲು ತೆರೆದಿದೆ ಎಂದು ಕನಸು ಬೀಳುತ್ತದೆಯೇ ಎಂದು ರೇಗಿದೆ. ಆದರೆ ಅಂದಿನಿಂದ ಫೋನ್ ಬಡಿದುಕೊಂಡಾಗಲೆಲ್ಲ ಊಟ ಮಾಡುತ್ತಿದ್ದರೂ ಎಂಜಲು ಕೈಯಲ್ಲೇ ಎದ್ದು ಓಡುತ್ತಿದ್ದರು. ಯಾರೋ ಗಿರಾಕಿ ಎಂದು ಗೊತ್ತಾದಾಗ ಮುಖ ಸಣ್ಣದಾಗುತ್ತಿತ್ತು. ನನಗೆ ಪಾಪ ಅನ್ನಿಸುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಒಂದು ಬುಧವಾರ ಮಧ್ಯಾಹ್ನ, ಸುಡುವ ಸೆಕೆಯಲ್ಲಿ ಮನೆಯ ಮೊದಲನೆಯ ಪೆಟ್ಟಿಗೆ ಕೆಟ್ಟು ನಿಂತಿತು. ಎರಡನೆಯದು ಆ ಕ್ಷಣವೇ ಕೆಲಸ ವಹಿಸಿಕೊಂಡಿತು. ಸಂಜೆ ಮನೆಗೆ ಬಂದವರು ಹೊಸ ಬಿಡಿಭಾಗ ಹಾಕಿ ಸರಿಮಾಡಿ, ಕೈ ಒರೆಸಿಕೊಳ್ಳುತ್ತಾ ಒಂದು ಕರೆಯೂ ತಪ್ಪಿಲ್ಲ ನೋಡು ಎಂದು ಬೀಗಿದರು. ನಾನೂ ಭೇಷ್ ಅಂದೆ.

ಶುಕ್ರವಾರ ಭಾವ ತೀರಿಕೊಂಡ ಸುದ್ದಿ ಬಂತು.

ಅವರ ಮನೆಯ ನಡುಕೋಣೆಯಲ್ಲಿ ನನ್ನ ಓರಗಿತ್ತಿ ಗೋಡೆಗೆ ಒರಗಿ ಕೂತಿದ್ದಳು. ಇವರನ್ನು ನೋಡಿ ಅವಳು ಅಳಲಿಲ್ಲ, ಬೈಯಲೂ ಇಲ್ಲ.

"ಆಪರೇಷನ್ನಿಗೆ ಒಳಗೆ ಕರ್ಕೊಂಡು ಹೋಗೋ ಮುಂಚೆ ನಿಮಗೆ ಫೋನ್ ಮಾಡಿದ್ರು," ಅಂದಳು. "ಈ ನಂಬರಿನ ಕರೆ ಸ್ವೀಕರಿಸಲ್ಲ ಅಂತ ಬಂತು. ಇನ್ನೂ ಮನಸಲ್ಲಿ ಇಟ್ಕೊಂಡಿದ್ದಾನೆ, ಬಿಡು ಅಂದ್ರು. ಫೋನ್ ನನ್ನ ಕೈಗೆ ಕೊಟ್ಟು ಒಳಗೆ ಹೋದ್ರು."

ಯಾವತ್ತು ಎಂದು ಇವರು ಕೇಳಿದರು. ಬುಧವಾರ ಮಧ್ಯಾಹ್ನ ಎಂದಳು.

ನನಗೂ ಆಗಲೇ ಅರ್ಥವಾಯಿತು. ತಡೆ ತೆಗೆದದ್ದು ಮೊದಲನೆಯ ಪೆಟ್ಟಿಗೆಯಲ್ಲಿ ಮಾತ್ರ. ಎರಡನೆಯದು ತನಗೆ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತ್ತು.

ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಕಪಾಟಿನ ಮುಂದೆ ಕೂತರು. ಎರಡನೆಯ ಪೆಟ್ಟಿಗೆಯಲ್ಲಿ ಆ ನಂಬರನ್ನು ಹುಡುಕಿ ಅಳಿಸತೊಡಗಿದರು. ಇನ್ನೇನು ಪ್ರಯೋಜನ, ಏಳಿ ಅಂದೆ. ಭುಜ ಹಿಡಿದೆ. ಅವರು ತಿರುಗಿ ನೋಡಲಿಲ್ಲ.

"ಎರಡರಲ್ಲೂ ಒಂದೇ ಥರ ಇರ್ಬೇಕು," ಅಂದರು.