ಆಟದ ಕೋಣೆಗೂ ಚಿಲಕ ಬೇಕು

ಟೈಲರಮ್ಮ ಗೋಡೆಯಿಂದ ಪ್ಲಗ್ ಕಿತ್ತಳು. ಪರದೆ ಕಪ್ಪಾಯಿತು, ಅದರಿಂದ ಬರುತ್ತಿದ್ದ ಗಂಡು ದನಿಯೂ ನಿಂತಿತು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಂಚದ ಮೇಲೆ ಕೂತಿದ್ದ ಮಗಳು ಚುಕ್ಕಿ, ಕಂಟ್ರೋಲರ್ ಕೈಬಿಡದೆ ಅಮ್ಮನನ್ನೇ ನೋಡಿದಳು.

"ಯಾರದು ಆ ದನಿ?"

"ಗೊತ್ತಿಲ್ಲಮ್ಮ. ತಾನಾಗೇ ಒಳಗೆ ಬಂದ. ನಿಮ್ಮನೆ ಯಾವ ಬೀದೀಲಿ ಅಂತ ಕೇಳ್ದ. ಅದಕ್ಕೇ ನಿನ್ನ ಕರೆದೆ."

ಟೈಲರಮ್ಮ ಗೇಮ್ ಪೆಟ್ಟಿಗೆಯ ವೈರುಗಳನ್ನು ಸುತ್ತಿ, ಎಲ್ಲವನ್ನೂ ಬಟ್ಟೆಚೀಲಕ್ಕೆ ತುರುಕಿದಳು. ಇದನ್ನು ಕೊಡಿಸಿದ ತಮ್ಮನ ಮನೆಗೇ ವಾಪಸ್ ಕಳಿಸುವುದು ಎಂದು ತೀರ್ಮಾನಿಸಿದಳು. ಚುಕ್ಕಿ ಅಳಲಿಲ್ಲ. ಅತ್ತಿದ್ದರೆ ಬೈಯುವುದು ಸುಲಭವಾಗುತ್ತಿತ್ತು. ಪ್ಲಾಸ್ಟರ್ ತೆಗೆಯಲು ಇನ್ನೂ ಐದು ವಾರವಿತ್ತು. ದಿನಾ ನಾಲ್ಕು ಗಂಟೆಗೆ ಮೂವರು ಗೆಳತಿಯರು ತಮ್ಮ ತಮ್ಮ ಮನೆಯಿಂದಲೇ ವೈಫೈ ಮೂಲಕ ಒಂದೇ ಆಟದಲ್ಲಿ ಸೇರುತ್ತಿದ್ದರು. ಅದೊಂದು ಹೋದರೆ ಹುಡುಗಿಗೆ ಉಳಿಯುವುದು ನಾಲ್ಕು ಗೋಡೆ, ಅಮ್ಮನ ಹೊಲಿಗೆ ಯಂತ್ರದ ಕಟಕಟ.

ಅಷ್ಟರಲ್ಲಿ ಜೇಬು ಹೊಲಿಯಲು ಕೊಟ್ಟಿದ್ದ ಪ್ಯಾಂಟು ಕೇಳಿಕೊಂಡು ವೈರಕ್ಕ ಬಂದಳು. ಬೀದಿಯ ಮನೆಗಳಿಗೆಲ್ಲ ಇಂಟರ್‌ನೆಟ್ ಎಳೆದವಳು ಅವಳೇ. ಚೀಲದಿಂದ ಇಣುಕುತ್ತಿದ್ದ ವೈರು ನೋಡಿ ವಿಷಯವೇನೆಂದು ಕೇಳಿದಳು. ಟೈಲರಮ್ಮ ಒಂದೇ ಉಸಿರಿಗೆ ಎಲ್ಲ ಹೇಳಿದಳು.

"ಪೆಟ್ಟಿಗೆಗೆ ಯಾಕಕ್ಕ ಶಿಕ್ಷೆ? ಬಾಗಿಲು ತೆಗೆದಿಟ್ಟೋರು ಯಾರು ಅಂತ ಮೊದಲು ನೋಡೋಣ," ಎಂದಳು ವೈರಕ್ಕ.

ಗೆಳತಿಯರು ಒಳಗೆ ಬರುವುದು ಹೇಗೆಂದು ಚುಕ್ಕಿಯನ್ನು ಕೇಳಿದಳು. ಆಟದೊಳಗೆ ತಮ್ಮದೇ ಒಂದು ಕೋಣೆಯಿದೆ, ಅದಕ್ಕೆ ಆರು ಅಕ್ಷರದ ಕೋಡ್ ಇದೆ, ಅದನ್ನು ಗೆಳತಿಯರ ಅಮ್ಮಂದಿರಿಗೆ ಕಳಿಸಲು ಅಮ್ಮನಿಗೆ ಹೇಳಿದ್ದೆ ಎಂದಳು ಚುಕ್ಕಿ. ಟೈಲರಮ್ಮ ನಾಲಿಗೆ ಕಚ್ಚಿಕೊಂಡಳು. ಬಟ್ಟೆ ಸಿದ್ಧವಾಗಲಿ, ಅಂಗಡಿಗೆ ರಜೆಯಿರಲಿ, ಎಲ್ಲವನ್ನೂ ಫೋನಿನ ಸ್ಟೇಟಸ್ಸಿಗೆ ಹಾಕುವುದು ಅವಳ ರೂಢಿ. ಮೂವರಿಗೂ ಬೇರೆ ಬೇರೆ ಯಾಕೆ ಕಳಿಸಲಿ ಎಂದು, ಹೊಲಿದ ಎರಡು ಕೋಟುಗಳ ಫೋಟೊ ನಡುವೆ ಆ ಕೋಡನ್ನೂ ಹಾಕಿಬಿಟ್ಟಿದ್ದಳು.

"ಎಷ್ಟು ಜನ ನೋಡಿದಾರೆ?"

ಟೈಲರಮ್ಮ ಕನ್ನಡಕ ಏರಿಸಿದಳು. "ಇನ್ನೂರ ಹನ್ನೆರಡು."

"ಹಾಗಾದ್ರೆ ಅವನು ಬಾಗಿಲು ಮುರಿದು ಬಂದಿಲ್ಲ ಬಿಡಿ. ನೀವೇ ಬೀಗದಕೈ ಹಂಚಿದೀರಿ."

ಟೈಲರಮ್ಮನಿಗೆ ನಾಚಿಕೆಯೂ ಆಯಿತು, ಹೋದ ಜೀವ ಬಂದಂತೆಯೂ ಆಯಿತು. ಆದರೂ ಬಿಡಲಿಲ್ಲ. ಮತ್ತೆ ಯಾರಾದರೂ ನುಗ್ಗಿದರೆ ಏನು ಗತಿ ಎಂದಳು. ವೈರಕ್ಕ ಪೆಟ್ಟಿಗೆ ಹೊರತೆಗೆದು ಸೆಟ್ಟಿಂಗ್ ತೋರಿಸಿದಳು. ಹಳೇ ಕೋಣೆ ಮುಚ್ಚಿ ಹೊಸ ಕೋಡ್ ಮಾಡಿಸಿದಳು. ಗುರುತಿನ ಗೆಳತಿಯರು ಮಾತ್ರ ಒಳಬರಲಿ, ಅವರು ಮಾತ್ರ ಮಾತಾಡಲಿ ಎಂದು ಬದಲಿಸಿದಳು. ಅದನ್ನು ಬೇರೆಯವರು ತಿದ್ದದಂತೆ ಅಮ್ಮನದೇ ಪಿನ್ ಹಾಕಿಸಿದಳು. ಆ ಅಪರಿಚಿತನ ಮೇಲೆ ಆಟ ನಡೆಸುವ ಕಂಪನಿಗೇ ದೂರು ಕೊಟ್ಟು ಅವನನ್ನು ಬ್ಲಾಕ್ ಮಾಡಿಸಿದಳು. ಗೆಳತಿಯರು ಪೆಟ್ಟಿಗೆ ಹಿಡಿದು ಮನೆಗೇ ಬಂದರೆ ಇಂಟರ್‌ನೆಟ್ಟೇ ಬೇಡ, ಇಂಥ ಚಿಕ್ಕ ಪೆಟ್ಟಿಗೆಗಳು ಒಂದೇ ಕೋಣೆಯಲ್ಲಿ ವೈರಿಲ್ಲದೆ ಒಂದನ್ನೊಂದು ಹುಡುಕಿಕೊಳ್ಳುತ್ತವೆ ಎಂದೂ ಹೇಳಿದಳು. ಹೊರಡುವಾಗ ದನಿ ತಗ್ಗಿಸಿದಳು.

"ಹೆದರಿದ ತಕ್ಷಣ ಮಗು ನಿಮ್ಮನ್ನ ಕರೀತು. ಹೇಳಿದ್ದಕ್ಕೆ ಆಟ ಕಿತ್ಕೊಂಡ್ರೆ, ಮುಂದಿನ ಸಲ ಹೇಳೋದೇ ಇಲ್ಲ ಅಕ್ಕ."

ಟೈಲರಮ್ಮ ಪ್ಲಗ್ಗನ್ನು ತಾನೇ ಮತ್ತೆ ಸಿಕ್ಕಿಸಿದಳು.

ನಿಮ್ಮ ಮನೆಯಲ್ಲೂ ಇಂಥ ಪೆಟ್ಟಿಗೆ ಇದ್ದರೆ ಇವತ್ತೇ ಮಕ್ಕಳ ಪಕ್ಕ ಹತ್ತು ನಿಮಿಷ ಕೂರಿ. ಕೋಣೆಗೆ ಯಾರು ಬರಬಹುದು, ಯಾರು ಮಾತಾಡಬಹುದು, ಕೇಳಿ ನೋಡಿ. ಕೋಡನ್ನು ಬೇಕಾದವರಿಗಷ್ಟೇ ಕಳಿಸಿ. ಮನೆ, ಶಾಲೆ, ಫೋಟೊ, ಫೋನ್ ನಂಬರ್ ಯಾರು ಕೇಳಿದರೂ ಹೇಳಬಾರದೆಂದು ತಿಳಿಸಿ. ಹೇಳಿಕೊಂಡು ಬಂದ ಮಗುವಿಗೆ ಬೈಯಬೇಡಿ. ಬೈಯದೆ ಇದ್ದದ್ದರಿಂದ ಟೈಲರಮ್ಮನ ಮನೆಯಲ್ಲಿ ಏನಾಯಿತು ಎಂಬುದನ್ನೂ ಕೇಳಿ.

ಮಾರನೆಯ ದಿನ ನಾಲ್ಕು ಗಂಟೆಗೆ, ಗೆಳತಿಯರು ಸೇರುವ ಮೊದಲೇ, ಗುರುತಿಲ್ಲದ ಹೆಸರಿನಿಂದ ಗೆಳೆತನ ಕೇಳುವ ಸಂದೇಶವೊಂದು ಬಂತು. ಚುಕ್ಕಿ ಅಮ್ಮನಿಗೆ ಕೇಳುವಂತೆ ಓದಿದಳು. "ಸಾವಿರ ಚಿನ್ನದ ನಾಣ್ಯ ಫ್ರೀ. ಅಮ್ಮನ ಫೋನಿಗೆ ಬರೋ ಓಟಿಪಿ ಹೇಳಿದ್ರೆ ಸಾಕು."

ಹೊಲಿಗೆ ಯಂತ್ರ ತುಳಿಯುತ್ತಿದ್ದ ಟೈಲರಮ್ಮನ ಕಾಲು ನಿಂತಿತು.

"ಹೇಳಲ್ಲ. ನಿನ್ನ ನಾಣ್ಯ ನೀನೇ ಇಟ್ಕೋ," ಎಂದಳು ಚುಕ್ಕಿ ಪರದೆಗೆ, ಬ್ಲಾಕ್ ಬಟನ್ ಒತ್ತುತ್ತಾ.