ಬಣ್ಣ ಹಾರಿದ ಅಳತೆ ಪಟ್ಟಿ

ಬೆವರು ಒರೆಸಿಕೊಳ್ಳುತ್ತ ಬಂದ ಮೈದುನನನ್ನು ನೋಡಿ ಅವಳ ಹೊಟ್ಟೆ ತಣ್ಣಗಾಯಿತು. ಹೊಲಿಗೆ ಕಾರ್ಖಾನೆಯ ಮೂಲೆಯಲ್ಲಿ ಅಂಗಿ ಗುಂಡಿ ಎಣಿಸುತ್ತಿದ್ದ ಕೈಯನ್ನು ಮಾತ್ರ ನಿಲ್ಲಿಸಲಿಲ್ಲ.

"ಅತ್ತಿಗೆ, ಸ್ವಲ್ಪ ಬನ್ನಿ. ಅಳತೆ ಪಟ್ಟೀಲಿ ಬಣ್ಣ ಎಲ್ಲ ಹೋಗ್ಬಿಟ್ಟಿದೆ."

"ನೀನೇ ಮಾಡಿದ ಪಟ್ಟಿ ಅಲ್ವೇನಪ್ಪಾ? ನೀನೇ ನೋಡ್ಕೋ."

ನಿಜಕ್ಕೂ ಪಟ್ಟಿ ಅವಳದು. ಒಂದು ಆಸ್ಪತ್ರೆಯ ನಾನ್ನೂರ ಹನ್ನೆರಡು ನರ್ಸುಗಳ ಸಮವಸ್ತ್ರಕ್ಕೆ ತಾನೇ ಟೇಪು ಹಿಡಿದು ಅಳತೆ ತೆಗೆದು, ಎಕ್ಸೆಲ್ ಹಾಳೆಯಲ್ಲಿ ತುಂಬಿಸಿದ್ದಳು. ಗುಲಾಬಿ ಬಣ್ಣದ ಸಾಲು ಎಂದರೆ ಬಸುರಿ, ಸೊಂಟದಲ್ಲಿ ಬಟ್ಟೆ ಹೆಚ್ಚು ಬಿಡಬೇಕು. ನೀಲಿ ಎಂದರೆ ಒಂದು ಭುಜ ತಗ್ಗು. ಹಳದಿ ಎಂದರೆ ಸ್ವೆಟರಿನ ಮೇಲೆ ತೆಗೆದ ಅಳತೆ, ಒಂದು ಇಂಚು ಕಳೆಯಬೇಕು. ಇದನ್ನು ಅವಳು ಎಲ್ಲೂ ಬರೆದಿಟ್ಟಿರಲಿಲ್ಲ. ಯಾರದೋ ಹೊಟ್ಟೆ, ಯಾರದೋ ಭುಜದ ಸುದ್ದಿ ಓದಿ ಹೊಲಿಗೆಯವರು ಹಲ್ಲು ಕಿಸಿಯುವುದು ಅವಳಿಗೆ ಆಗುತ್ತಿರಲಿಲ್ಲ. ಬಟ್ಟೆ ಕತ್ತರಿಸುವ ದಿನ ಪಕ್ಕದಲ್ಲಿ ನಿಂತು ಎಷ್ಟು ಇಂಚು ಎಂದಷ್ಟೇ ಹೇಳುತ್ತಿದ್ದಳು.

ಈ ಮೈದುನನನ್ನು ಕೆಲಸಕ್ಕೆ ಸೇರಿಸಿದವಳೂ ಅವಳೇ. ಪಟ್ಟಿ ಮುಗಿದ ವಾರವೇ ಪುಣ್ಯಾತ್ಮ ಮಾಲೀಕರ ಬಳಿ ಹೋಗಿ, ಅತ್ತಿಗೆ ತಪ್ಪುತಪ್ಪಾಗಿ ತುಂಬಿದ್ದನ್ನು ತಾನು ಮೊದಲಿನಿಂದ ಮಾಡಿದೆ ಎಂದ. ಅವಳ ಕುರ್ಚಿ ಅವನಿಗೆ ಹೋಯಿತು, ಅವಳಿಗೆ ಗುಂಡಿ ಡಬ್ಬ ಸಿಕ್ಕಿತು. ಅದನ್ನಾದರೂ ಹಲ್ಲು ಕಚ್ಚಿ ಸಹಿಸಿದ್ದಳು. ಮನೆಯಲ್ಲೂ ಅದೇ ಕತೆ ಹೊಡೆದ, ಗಂಡ ನಂಬಿದ. "ಅವನು ಸರಿ ಮಾಡಿದ್ದಕ್ಕೆ ನಿನ್ನ ಕೆಲಸ ಉಳೀತು, ಹೊಟ್ಟೆಕಿಚ್ಚು ಬಿಡು" ಎಂದ. ಆ ಮಾತು ಅವಳ ಎದೆ ಸುಟ್ಟಿತು. ತಿಂಗಳಿಂದ ಅವಳಿಗೆ ಒಂದೇ ಹಟ: ಹೇಳಿದ್ದು ಸುಳ್ಳು ಎಂದು ಇವನ ಬಾಯಿಂದಲೇ ಗಂಡನ ಮುಂದೆ ಕಕ್ಕಿಸಬೇಕು.

ಈಗ ಮಾಲೀಕರೇ ಕೂಗಿದರು. ಮೇಜಿನ ಮೇಲೆ ಬಟ್ಟೆ ಪದರ ಪದರವಾಗಿ ಹಾಸಿತ್ತು. ಕಟಿಂಗ್ ಮಾಸ್ಟರ್ ಕತ್ತರಿ ಹಿಡಿದು ಕಾಯುತ್ತಿದ್ದರು.

"ಇವರಿಗೂ ಅಲ್ಪಸ್ವಲ್ಪ ಬರುತ್ತೆ ಸರ್" ಎಂದ ಮೈದುನ.

ಅಲ್ಪಸ್ವಲ್ಪವಂತೆ! ಅವಳು ಪರದೆಯತ್ತ ಬಗ್ಗಿದಳು. ಬಣ್ಣವಿಲ್ಲ, ದಪ್ಪಕ್ಷರವಿಲ್ಲ, ಸಿಬ್ಬಂದಿ ಸಂಖ್ಯೆಗಳ ಮುಂದಿನ ಸೊನ್ನೆಗಳೂ ಮಾಯ.

"ಯಾವುದರಲ್ಲಿ ಸೇವ್ ಮಾಡ್ದೆ?"

"ಆಸ್ಪತ್ರೆಯವರು ಸಿಎಸ್‌ವಿ ಫೈಲು ಕೇಳಿದ್ರು. ಹಾಗೇ ಮಾಡಿ ಕಳಿಸ್ದೆ."

"ಬರೀ ಅಕ್ಷರ, ಅಂಕಿ ಉಳಿಯುತ್ತೆ ಅದರಲ್ಲಿ. ಬಣ್ಣ ನಿಲ್ಲಲ್ಲ. ಕಂಪ್ಯೂಟರ್ ಎಚ್ಚರಿಸ್ಲಿಲ್ವಾ?"

"ಏನೋ ಕೇಳ್ತು. ಓಕೆ ಒತ್ದೆ."

"ಹಳೇ ಫೈಲು?"

"ಒಂದೇ ಹೆಸರಿಂದು ಎರಡ್ಯಾಕೆ ಅಂತ ಅಳಿಸ್ಬಿಟ್ಟೆ."

ಕಟಿಂಗ್ ಮಾಸ್ಟರ್ ತಲೆಯ ಮೇಲೆ ಕೈ ಹೊತ್ತರು. ಅವಳು ರೀಸೈಕಲ್ ಬಿನ್ ತೆರೆದಳು. ಅಳಿಸಿದ ಫೈಲು ಅಲ್ಲೇ ಬಿದ್ದಿತ್ತು. ಎರಡು ಕ್ಲಿಕ್ಕಿಗೆ ಗುಲಾಬಿ, ನೀಲಿ, ಹಳದಿ ಎಲ್ಲ ಪರದೆಗೆ ಬಂದವು. ಮೈದುನನಿಗೆ ಹೋದ ಜೀವ ಬಂತು.

"ನೋಡಿ ಸರ್, ಬಂತು!"

ಅವಳು ಎದ್ದು ಕುರ್ಚಿಯನ್ನು ಅವನತ್ತ ತಳ್ಳಿದಳು. "ಕೂತ್ಕೋ. ಮಾಸ್ಟರಿಗೆ ಓದಿ ಹೇಳು. ಗುಲಾಬಿ ಅಂದ್ರೇನು?"

ಅವನು ಕಣ್ಣು ಕಣ್ಣು ಬಿಟ್ಟ. "ಗುಲಾಬಿ ಅಂದ್ರೆ... ಹೆಂಗಸರು."

"ನಾನ್ನೂರ ಹನ್ನೆರಡೂ ಹೆಂಗಸರೇ ಕಣಯ್ಯಾ" ಎಂದರು ಮಾಸ್ಟರ್. "ಮಿಕ್ಕ ಬಣ್ಣದೋರಿಗೆ ಮೀಸೆ ಇದೆಯಾ?"

ಹೊಲಿಗೆ ಯಂತ್ರಗಳು ಒಂದೊಂದಾಗಿ ನಿಂತವು. ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು. ಕೇಳಲಿ ಎಂದೇ ಅವಳು ದನಿ ಏರಿಸಿ ನೀಲಿ ಏನು, ಹಳದಿ ಏನು ಎಂದು ಕೇಳಿದಳು. ಅವನು ಮೌಸನ್ನು ಸುಮ್ಮನೆ ಮೇಲೆ ಕೆಳಗೆ ಆಡಿಸಿದ.

ಮಾಲೀಕರು ಕನ್ನಡಕ ತೆಗೆದರು. "ಇದನ್ನ ಮಾಡಿದ್ದು ಯಾರು?"

"ಅತ್ತಿಗೆ" ಎಂದ, ನೆಲ ನೋಡುತ್ತ.

"ಅಮ್ಮಾ, ನಿಮ್ಮ ಜಾಗದಲ್ಲಿ ನೀವು ಕೂತ್ಕೊಳ್ಳಿ. ತಪ್ಪು ನನ್ನದು."

"ಕೂತ್ಕೊಳ್ತೀನಿ ಸರ್. ಅದಕ್ಕೆ ಮುಂಚೆ ಇವನು ಒಂದು ಫೋನ್ ಮಾಡ್ಬೇಕು. ಅವರಣ್ಣಂಗೆ."

"ಅತ್ತಿಗೆ, ಕಾಲಿಗೆ ಬೀಳ್ತೀನಿ. ಅಣ್ಣಂಗೆ ಬೇಡ."

"ಕಾಲು ಹಿಡಿದು ನನಗೇನಾಗ್ಬೇಕು? ಫೋನು ಹಿಡಿ. ಸ್ಪೀಕರ್ ಹಾಕು."

ಮಾಲೀಕರು ಗಡಿಯಾರ ನೋಡಿದರು, ಬೇಡವೆನ್ನಲಿಲ್ಲ. ಅವನು ಸ್ಪೀಕರ್ ಹಾಕಿ ಫೋನ್ ಹಚ್ಚಿದ.

"ಅಣ್ಣಾ... ಆ ಅಳತೆ ಪಟ್ಟಿ ನಾನು ಮಾಡಿದ್ದಲ್ಲ. ಅತ್ತಿಗೆ ಏನೂ ತಪ್ಪು ಮಾಡಿರ್ಲಿಲ್ಲ. ನಾನೇ ಸುಳ್ಳು ಹೇಳ್ದೆ."

ಆ ಕಡೆಯಿಂದ ಗಂಡನ ದನಿ ಮೆತ್ತಗೆ ಬಂತು. ಅಷ್ಟು ಮೆತ್ತಗಿನ ದನಿಯನ್ನು ತಿಂಗಳಿಂದ ಅವಳು ಕೇಳಿರಲಿಲ್ಲ.

"ಅವಳು ಅಲ್ಲೇ ಇದ್ದಾಳಾ? ಫೋನ್ ಕೊಡು ಅವಳಿಗೆ."

ಮೈದುನ ಫೋನನ್ನು ಚಾಚಿದ. ಅವಳು ತನ್ನ ಕುರ್ಚಿಯಲ್ಲಿ ಕೂತು, ಮೊದಲ ಸಾಲಿಗೆ ಬೆರಳಿಟ್ಟು, ಸೊಂಟಕ್ಕೆ ಮೂರು ಇಂಚು ಹೆಚ್ಚು ಬಿಡಿ ಎಂದು ಮಾಸ್ಟರಿಗೆ ಹೇಳಿದಳು. ಕತ್ತರಿ ಬಟ್ಟೆಗೆ ಇಳಿಯಿತು.

"ಕೆಲಸದಲ್ಲಿದ್ದೀನಿ ಅಂತ ಹೇಳು" ಎಂದಳು, ಫೋನಿನ ಕಡೆ ತಿರುಗದೆ. "ನಾನು ಒಂದು ತಿಂಗಳು ಕಾದಿದ್ದೀನಿ. ಈಗ ಅವರು ಕಾಯ್ಲಿ."