ಹೊಟ್ಟೆಯ ಮೇಲೆ ಮಲಗಿ ನೋಡುವ ಮೀಟರು

ನಮ್ಮ ಹಾಯಿದೋಣಿಯನ್ನು ಕಟ್ಟಿದ ಮಹಾನುಭಾವ ಯಾರೋ ಗೊತ್ತಿಲ್ಲ. ಕೈಗೆ ಸಿಕ್ಕಿದ್ದರೆ ಅರಿವಳಿಕೆ ಕೊಡದೆ ಅವನ ದವಡೆ ಹಲ್ಲು ಕೀಳುತ್ತಿದ್ದೆ. ನಾನು ಹಲ್ಲಿನ ವೈದ್ಯೆ, ಇದು ಬರೀ ಬಾಯಿಮಾತಲ್ಲ. ಇಂಜಿನ್ನಿಗೆ ಎರಡು ಮೀಟರುಗಳಿದ್ದವು: ಒಂದು ಬಿಸಿ ತೋರಿಸುವುದು, ಇನ್ನೊಂದು ಎಣ್ಣೆಯ ಒತ್ತಡ ತೋರಿಸುವುದು. ಆ ಪುಣ್ಯಾತ್ಮ ಅವೆರಡನ್ನೂ ಕೂರಿಸಿದ್ದು ಚುಕ್ಕಾಣಿ ಹಿಡಿದವನ ಪಾದದ ಹಿಂದೆ, ನೆಲದಿಂದ ಒಂದೇ ಗೇಣು ಮೇಲೆ. ಇಲಿಗಳಿಗೆ ತುಂಬಾ ಅನುಕೂಲವಾದ ಜಾಗ.

ಅಪ್ಪ ಬಸ್ಸಿನ ಚಾಲಕನಾಗಿದ್ದವನು. ನನಗಿಂತ ಹಳೆಯದಾದ ಈ ದೋಣಿಯನ್ನು ಇಪ್ಪತ್ತಾರು ವರ್ಷದ ಹಿಂದೆ ತಂದ. ಅಂದಿನಿಂದ ಭಾನುವಾರ ಎಂದರೆ ದೋಣಿ. ಇಂಜಿನ್ನಿಗೆ ಒಂದು ಕೆಟ್ಟ ಚಾಳಿ ಇತ್ತು. ಬಂದರಿನೊಳಗೆ ನಿಧಾನವಾಗಿ ಬರುವಾಗ ಒಮ್ಮೊಮ್ಮೆ ಕಾದುಬಿಡುತ್ತಿತ್ತು. ಎಚ್ಚರಿಸಬೇಕಾದ ಗಂಟೆ ಯಾವತ್ತೋ ಸತ್ತುಹೋಗಿತ್ತು. ಹಾಗಾಗಿ ಅಪ್ಪ ಒಂದು ಕಾನೂನು ಮಾಡಿದ. ಬಂದರಿನ ಬಾಯಿಯ ತಡೆಗೋಡೆ ದಾಟಿದ ಕ್ಷಣದಿಂದ ಹಗ್ಗ ಕಟ್ಟುವವರೆಗೆ ಯಾರಾದರೊಬ್ಬರು ನಿಮಿಷಕ್ಕೊಮ್ಮೆ ಬಿಸಿ ಎಷ್ಟೆಂದು ಓದಿ ಹೇಳಬೇಕು. ಆ ಯಾರಾದರೊಬ್ಬರು ಯಾವಾಗಲೂ ಅಮ್ಮನೇ. ನಾನು ಮಲಗಿದರೆ ಹೊಟ್ಟೆ ತೊಳಸಿ ನೆಲವೆಲ್ಲ ಹಾಳು ಮಾಡುತ್ತಿದ್ದೆ.

ಅಮ್ಮ ದರ್ಜಿ. ದಿನವಿಡೀ ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂತವಳು ಭಾನುವಾರ ದೋಣಿಯಲ್ಲಿ ಹೊಟ್ಟೆಯ ಮೇಲೆ ಮಲಗಿ, ಅಪ್ಪನ ಎರಡು ಕಾಲಿನ ನಡುವೆ ಮೂಗು ತೂರಿಸಿ, "ಎಪ್ಪತ್ತೆಂಟು" ಎನ್ನುತ್ತಿದ್ದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ "ಎಪ್ಪತ್ತೆಂಟು." ಕಟ್ಟೆಯ ಮೇಲೆ ನಿಂತವರಿಗೆ ಕಾಣುತ್ತಿದ್ದುದು ಅಪ್ಪ ಒಬ್ಬನೇ, ಕೇಳುತ್ತಿದ್ದುದು ಹೆಂಗಸಿನ ದನಿ. ಬಂದರಿನವರು ನಮ್ಮದನ್ನು ಲೆಕ್ಕದ ದೋಣಿ ಎಂದು ಕರೆಯುತ್ತಿದ್ದರು.

ಈ ವರ್ಷ ಅಮ್ಮನ ಸೊಂಟ ಕೈಕೊಟ್ಟಿತು. ಒಂದು ಬೆಳಿಗ್ಗೆ ಚಹಾದ ಲೋಟ ಕೆಳಗಿಟ್ಟು ಅವಳು ಶಾಂತವಾಗಿ ಹೇಳಿದಳು: "ಇಪ್ಪತ್ತಾರು ವರ್ಷ ಆಯ್ತು. ದೋಣಿ ಬಂದರೊಳಗೆ ಬರೋದು ಹೇಗಿರತ್ತೆ ಅಂತ ನಾನು ಒಂದ್ಸಲನೂ ನೋಡಿಲ್ಲ. ನೋಡಿರೋದು ಎರಡು ಮುಳ್ಳು, ನಿಮ್ಮ ಎರಡು ಹಿಮ್ಮಡಿ. ಹಿಮ್ಮಡಿ ಒಡೆದು ಯಾವ ಕಾಲ ಆಯ್ತೋ, ಒಂದು ಮುಲಾಮು ಹಚ್ಕೊಂಡಿಲ್ಲ ನೀವು. ಇನ್ನು ನಾನು ಮಲಗಲ್ಲ."

ಓದುವವರಿಲ್ಲದೆ ಅಪ್ಪನಿಗೆ ದೋಣಿಯನ್ನು ಒಳಗೆ ತರುವ ಧೈರ್ಯವಿರಲಿಲ್ಲ, ಅಮ್ಮನಿಲ್ಲದೆ ಹೊರಗೆ ಹೋಗುವ ಮನಸ್ಸೂ ಇರಲಿಲ್ಲ. ಬಹಳ ದಿನದಿಂದ ದೋಣಿಯ ಮೇಲೆ ಕಣ್ಣಿಟ್ಟಿದ್ದ ಕನ್ನಡಕದಂಗಡಿಯವರಿಗೆ ಫೋನು ಮಾಡಿ, ಭಾನುವಾರ ನಾಲ್ಕಕ್ಕೆ ಬಂದು ನೋಡಿ ಎಂದುಬಿಟ್ಟ. ಆಮೇಲೆ ಊಟದ ಮೇಜಿನ ಮುಂದೆ ಕೂತು ಪಕ್ಕದ ಕುರ್ಚಿಯ ಕೈಯನ್ನು ಚುಕ್ಕಾಣಿಯ ಹಾಗೆ ಹಿಡಿದುಕೊಂಡಿದ್ದ. ನೋಡಿ ನನಗೆ ಸಂಕಟವಾಯಿತು. ಸಂಕಟವಾದರೆ ನನಗೆ ಸಿಟ್ಟು ಬರುತ್ತದೆ.

"ಆ ಮೀಟರನ್ನೇ ಕಿತ್ತು ಮೇಲಿಟ್ರೆ ಆಗಲ್ವಾ?" ಎಂದೆ. "ಇಷ್ಟು ವರ್ಷ ಇಬ್ಬರಿಗೂ ಹೊಳೀಲಿಲ್ವಾ ಇದು?"

ಮೂಗನ್ನು ಹಣೆಯ ಮೇಲಿಡೋಣ ಎಂದೆನೇನೋ ಎಂಬಂತೆ ಇಬ್ಬರೂ ನನ್ನನ್ನು ನೋಡಿದರು.

"ಅದು ಅಲ್ಲೇ ಇರೋದು," ಎಂದ ಅಪ್ಪ.

ಅಮ್ಮ ಮಾತ್ರ ಯೋಚಿಸಿದಳು. "ಸರಿ. ಭಾನುವಾರ ಒಂದೇ ಒಂದು ಸಲ ಬರ್ತೀನಿ. ಕೂತ್ಕೊಂಡು. ನಾನು ಬಗ್ಗೋ ಹಾಗೇನಾದ್ರೂ ಆದ್ರೆ ದೋಣಿ ಕನ್ನಡಕದವರಿಗೆ."

ಚಿಕಿತ್ಸಾಲಯಕ್ಕೆ ಎರಡು ದಿನ ಬೀಗ ಹಾಕಿದೆ. ಜಾಗ ಕ್ಯಾಬಿನ್ನಿನ ಬಾಗಿಲ ಪಕ್ಕದ ಗೋಡೆ, ನಿಂತವನ ಕಣ್ಣಿಗೆ ಸರಿಯಾಗಿ ಎದುರು. ಅಮ್ಮ ಅಂಗಿಯ ಕತ್ತು ಕತ್ತರಿಸುವಂತೆ ಕಾಗದದಲ್ಲಿ ಎರಡು ದುಂಡು ಕತ್ತರಿಸಿ ಅಂಟಿಸಿದಳು. ನಾನು ಅದರ ಮೇಲೆ ರಂಧ್ರ ಕೊರೆದೆ. ಕೊರೆಯುವುದೇ ನನ್ನ ಹೊಟ್ಟೆಪಾಡು, ಅಂಚು ಎಲ್ಲೂ ಸಿಬಿರಾಗಲಿಲ್ಲ. ತಂತಿಗಳಿಗೆ ಎರಡೆರಡು ಮಾರು ಸೇರಿಸಿ ಬೆಸುಗೆ ಹಾಕಿದೆ. ಹಳೆಯ ತೂತುಗಳ ಮೇಲೆ ಅಪ್ಪ ಮುಖ ಊದಿಸಿಕೊಂಡೇ ಒಂದು ಹಲಗೆ ಬಡಿದ. ಕಷ್ಟವೆಂದರೆ ಹಳೆಯ ಮೀಟರುಗಳ ಹಿಂಬದಿಗೆ ಒಂದು ಕೈ ಮಾತ್ರ ಹೋಗುತ್ತಿತ್ತು, ತಲೆ ಜಪ್ಪಯ್ಯ ಅಂದರೂ ಹೋಗುತ್ತಿರಲಿಲ್ಲ. ಎಣ್ಣೆ ಕುಡಿದು ತಂತಿಗಳೆಲ್ಲ ಒಂದೇ ಕಪ್ಪು. ನಾನು ಚೀಲದಿಂದ ಬಾಯಿಯೊಳಗೆ ನೋಡುವ ಪುಟ್ಟ ಕನ್ನಡಿ ತೆಗೆದು ಒಳಗೆ ತೂರಿಸಿ, ಎಡಗಡೆಯ ತಂತಿ ಬಿಸಿ, ಬಲಗಡೆಯದು ಎಣ್ಣೆ ಎಂದು ಚೀಟಿಯಲ್ಲಿ ಬರೆದುಕೊಂಡೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಭಾನುವಾರ ಅಪ್ಪ ಕೀಲಿ ತಿರುಗಿಸಿದ ಕೂಡಲೇ ಬಿಸಿಯ ಮುಳ್ಳು ಒಮ್ಮೆ ಕೆಂಪಿಗೆ ಹಾರಿ ಕೆಳಗಿಳಿಯಿತು. ಹೊಸ ಮನೆಗೆ ಬಂದ ಸಂಭ್ರಮ ಇರಬೇಕು ಎಂದುಕೊಂಡೆ. ತಡೆಗೋಡೆ ದಾಟಿ ಇಂಜಿನ್ ಆರಿಸಿ ಹಾಯಿ ಬಿಚ್ಚಿದೆವು. ಎಂಥಾ ಗಾಳಿ ಅಂತೀರಿ. ಅಪ್ಪ ಸುಮ್ಮಸುಮ್ಮನೆ ನಗುತ್ತಿದ್ದ. ಬಯಲು ನೀರಿನಲ್ಲಿ ಚುಕ್ಕಾಣಿ ಹಿಡಿಯುವುದು ಅಮ್ಮನಿಗೆ ಹೊಸದಲ್ಲ, ಅವಳೂ ಅರ್ಧ ಗಂಟೆ ಹಿಡಿದಳು. ನಾನು ಕಾಲು ಇಳಿಬಿಟ್ಟು ಕೂತು, ಕ್ಯಾಬಿನ್ನಿನ ಗೋಡೆಯ ಮೇಲಿನ ಎರಡು ಮೀಟರುಗಳನ್ನು ಪದಕಗಳಂತೆ ನೋಡುತ್ತಿದ್ದೆ.

ಮೂರೂಮುಕ್ಕಾಲಿಗೆ ಮತ್ತೆ ಇಂಜಿನ್ ಹಚ್ಚಿ ಬಂದರಿಗೆ ತಿರುಗಿದೆವು. ಅಮ್ಮ ನೆಟ್ಟಗೆ ಕೂತಳು. ತಡೆಗೋಡೆ ಹತ್ತಿರ ಬಂದಂತೆ ಅವಳ ಬಾಯಿ ತೆರೆದುಕೊಂಡಿತು.

"ಇಷ್ಟು ಇಕ್ಕಟ್ಟಾ ಇದು? ನೀವು ಇದರೊಳಗೆ ತರ್ತಿದ್ರಾ ನನ್ನನ್ನ?"

ಅಪ್ಪನ ಎದೆ ಎರಡು ಬೆರಳು ಉಬ್ಬಿತು. ಅವನು ವೇಗ ಇಳಿಸಿದ. ಇಳಿಸಿದ್ದೇ ತಡ, ಬಿಸಿಯ ಮುಳ್ಳು ಏರತೊಡಗಿತು. ತೊಂಬತ್ತು. ತೊಂಬತ್ತೈದು. ನೂರು. ಪಕ್ಕದಲ್ಲಿ ಎಣ್ಣೆಯ ಮುಳ್ಳು ಆಗಲೇ ನೆಲ ಕಚ್ಚಿ ಕೂತಿತ್ತು. ಆರಿಸಿದರೆ ಗಾಳಿ ನಮ್ಮನ್ನು ತಡೆಗೋಡೆಯ ಬಂಡೆಗೆ ತಳ್ಳುತ್ತದೆ, ಆರಿಸದಿದ್ದರೆ ಇಂಜಿನ್ ಸುಟ್ಟುಹೋಗುತ್ತದೆ. ಕಟ್ಟೆಯ ಮೇಲೆ ಕನ್ನಡಕದಂಗಡಿಯವರು ಆಗಲೇ ಕೈ ಬೀಸುತ್ತಿದ್ದರು.

"ಆರಿಸ್ತೀನಿ," ಎಂದ ಅಪ್ಪ. ಬೆವರು ಇಳಿಯುತ್ತಿತ್ತು.

ಅಮ್ಮ ಬಗ್ಗಲಿಲ್ಲ. ಕೂತಲ್ಲೇ ಚಪ್ಪಲಿ ಬಿಟ್ಟು ಬರಿಗಾಲನ್ನು ನೆಲಕ್ಕೂರಿದಳು, ಹೊಲಿಗೆ ಯಂತ್ರದ ಮೆಟ್ಟಿನ ಮೇಲೆ ಇಡುವ ಹಾಗೆ. "ಆರಿಸ್ಬೇಡಿ. ಇಂಜಿನ್ ಚೆನ್ನಾಗೇ ಇದೆ."

"ಮುಳ್ಳು ಕೆಂಪಲ್ಲಿದೆ ಕಣೇ."

"ಮುಳ್ಳಿಗೇನು ಗೊತ್ತು? ಇದರ ಮೇಲೆ ಇಪ್ಪತ್ತಾರು ವರ್ಷ ಹೊಟ್ಟೆ ಕೊಟ್ಟು ಮಲಗಿದೀನಿ. ಕಾದಾಗ ಇದು ನಡುಗೋದೇ ಬೇರೆ. ಈಗ ಎಪ್ಪತ್ತೆಂಟು."

ಅಪ್ಪ ಮುಳ್ಳು ನೋಡಿದ, ಅಮ್ಮನನ್ನು ನೋಡಿದ. ಆಮೇಲೆ ಮಾಡಿದ್ದನ್ನು ನೆನೆದರೆ ಇವತ್ತಿಗೂ ನಕ್ಕು ಹೊಟ್ಟೆ ಹುಣ್ಣಾಗುತ್ತದೆ. ಚುಕ್ಕಾಣಿ ಬಿಟ್ಟು ಧೊಪ್ಪನೆ ನೆಲಕ್ಕೆ ಬಿದ್ದು, ಹೊಟ್ಟೆಯ ಮೇಲೆ ಮಲಗಿ, ತಾನೇ ಬಡಿದ ಹಲಗೆಗೆ ಮೂಗು ಹಚ್ಚಿ ಬಿಸಿ ಎಷ್ಟೆಂದು ಹುಡುಕಿದ. ಅವನ ಜೀವಮಾನದಲ್ಲಿ ನಂಬಿಕೆಯ ಸಂಖ್ಯೆ ಬಂದದ್ದೆಲ್ಲ ಆ ಜಾಗದಿಂದಲೇ.

ದೋಣಿ ಬಂಡೆಯ ಕಡೆ ಮೂತಿ ತಿರುಗಿಸಿತು. ನಾನು ಕಿರುಚುವಷ್ಟರಲ್ಲಿ ಅಮ್ಮ ಎದ್ದು ಚುಕ್ಕಾಣಿ ಹಿಡಿದಿದ್ದಳು. ಬಟ್ಟೆಯ ಅಂಚನ್ನು ಸೂಜಿಯ ಕೆಳಗೆ ಜಾರಿಸುವ ಕೈ ಅದು. ದೋಣಿ ಬಂಡೆಯಿಂದ ಒಂದು ಮಾರು ದೂರದಲ್ಲಿ ನೆಟ್ಟಗಾಗಿ, ಸಾಲು ದೋಣಿಗಳ ನಡುವೆ ಹೊಲಿಗೆ ಹಾಕಿದಂತೆ ಸಾಗಿತು.

ಆಗ ನನಗೆ ಚೀಟಿ ನೆನಪಾಯಿತು. ಜೇಬಿನಿಂದ ತೆಗೆದೆ. ಎಡ ಬಿಸಿ, ಬಲ ಎಣ್ಣೆ. ಕನ್ನಡಿಯಲ್ಲಿ ನೋಡಿ ಬರೆದದ್ದು, ನೇರವಾಗಿ ನೋಡಿ ಜೋಡಿಸಿದ್ದು. ದಿನಕ್ಕೆ ಹದಿನೈದು ಬಾಯಿಗಳನ್ನು ಕನ್ನಡಿಯಲ್ಲೇ ನೋಡುವ ನನಗೆ ಅದು ಕನ್ನಡಿ ಎಂಬುದೇ ಮರೆತುಹೋಗಿತ್ತು.

"ಅಪ್ಪಾ, ತಂತಿ ಅದಲುಬದಲಾಗಿದೆ. ತಪ್ಪು ನಂದು," ಎಂದೆ. ಹೇಳುತ್ತಲೇ ನಗು ಬಂತು, ತಡೆಯಲಾಗಲಿಲ್ಲ. "ಬಿಸಿಯ ಮುಳ್ಳು ಹೇಳ್ತಿರೋದು ಎಣ್ಣೆಯ ಸುದ್ದಿ. ವೇಗ ಇಳಿಸಿದ್ರೆ ಎಣ್ಣೆಯ ಒತ್ತಡ ಇಳಿಯೋದು ಸಹಜ, ಅದನ್ನೇ ಅದು ಉಲ್ಟಾ ಏರಿ ತೋರಿಸ್ತಿದೆ. ಇಂಜಿನ್ ಕಲ್ಲುಗುಂಡಿನ ಹಾಗಿದೆ."

"ನಾನು ಹೇಳ್ಲಿಲ್ವಾ," ಎಂದಳು ಅಮ್ಮ, ಎದುರಿನ ನೀರಿನಿಂದ ಕಣ್ಣು ಕೀಳದೆ.

ಅಪ್ಪ ಏಳಲು ನೋಡಿದ.

"ಏಳ್ಬೇಡಿ. ಅಲ್ಲೇ ಮಲಗಿರಿ. ಎಷ್ಟಿದೆ ಹೇಳಿ."

ಅವನ ಮುಂದಿದ್ದುದು ಬರೀ ಮರ, ಪಕ್ಕದಲ್ಲಿ ಅಮ್ಮನ ಬರಿಗಾಲು.

"ಎಪ್ಪತ್ತೆಂಟು," ಎಂದ ಅಪ್ಪ.

ನಾನು ಹಗ್ಗ ಎಸೆದೆ. ಕನ್ನಡಕದಂಗಡಿಯವರು ಹಿಡಿದುಕೊಂಡು, ಚುಕ್ಕಾಣಿಯಲ್ಲಿ ಅಮ್ಮನನ್ನು ನೋಡಿ ತಬ್ಬಿಬ್ಬಾದರು. "ಯಜಮಾನ್ರು ದೋಣಿ ಕೊಡ್ತೀನಿ ಅಂದಿದ್ರಲ್ಲ? ಎಲ್ಲಿ ಅವರು?"

"ಕೊಡಲ್ಲ," ಎಂದಳು ಅಮ್ಮ. ಅವಳ ಮುಖ ಕೆಂಪಾಗಿತ್ತು, ಕಣ್ಣು ಒದ್ದೆಯಾಗಿತ್ತು, ನಗುತ್ತಿದ್ದಳು. "ನಾನಿನ್ನೂ ಇದರಲ್ಲಿ ಒಂದೇ ಸಲ ಬಂದಿರೋದು."

ಇಂಜಿನ್ ಆರಿಸಿದ ಮೇಲೂ ಕೆಳಗಿನಿಂದ ಅಪ್ಪನ ದನಿ ಇನ್ನೊಮ್ಮೆ ಎಪ್ಪತ್ತೆಂಟು ಎಂದಿತು.